ಹೊಟ್ಟೆ ಕೆಟ್ಟರೆ ಹುಳುವೇ ಕಾರಣವೇ? ಡಾ. ಸುಬ್ಬರಾವ್ ಬದುಕಿನಲ್ಲಿದೆ ಉತ್ತರ

ದಾವಣಗೆರೆಯ ಕೆ.ಬಿ. ಬಡಾವಣೆಯಿರಲಿ, ಹರಿಹರವಿರಲಿ, ಹೊಟ್ಟೆ ಉಬ್ಬರಿಸಿ ಭೇದಿ ಶುರುವಾದರೆ ಮನೆಯ ಹಿರಿಯರು ಮೊದಲು ದೂರುವುದು ಜಂತುಹುಳುವನ್ನು. ಮೆಡಿಕಲ್ ಶಾಪ್‌ನಿಂದ ಒಂದು ಮಾತ್ರೆ ತಂದು ನುಂಗಿದರೆ ಮುಗಿಯಿತು ಎಂಬ ನಂಬಿಕೆ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಏಕೆಂದು ತಿಳಿಯಲು ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ಬದುಕನ್ನು ನೋಡಿ.

1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಸುಬ್ಬರಾವ್, ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರನ್ನು ಕಳೆದುಕೊಂಡರು. ಕಾರಣ ಟ್ರಾಪಿಕಲ್ ಸ್ಪ್ರೂ. ಸಣ್ಣಕರುಳಿನ ಒಳಪದರ ಹಾಳಾಗಿ, ತಿಂದದ್ದು ಮೈಗೆ ಹತ್ತದೆ, ಜಿಡ್ಡಿನ ಭೇದಿ ಮತ್ತು ರಕ್ತಹೀನತೆಯಿಂದ ಮನುಷ್ಯ ಸೊರಗಿ ಹೋಗುವ ಕಾಯಿಲೆ ಅದು. ಮುಂದೆ ಅದೇ ಕಾಯಿಲೆ ಅವರಿಗೂ ತಗುಲಿತು. ಮದ್ರಾಸಿನ ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಚೇತರಿಸಿಕೊಂಡರು.

1922ರಲ್ಲಿ ಅಮೆರಿಕಕ್ಕೆ ಹೋದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಓದುತ್ತಲೇ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ದುಡಿದರು. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಸಿಡ್ ಅನ್ನು ಕೃತಕವಾಗಿ ತಯಾರಿಸಿತು. ಅದು ಸ್ಪ್ರೂ ರೋಗಿಗಳ ರಕ್ತಹೀನತೆಗೆ ಮದ್ದಾಯಿತು. ಅವರ ಮೇಲ್ವಿಚಾರಣೆಯ ಪ್ರಯೋಗಾಲಯದಲ್ಲೇ ಬೆಂಜಮಿನ್ ಡಗ್ಗರ್ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಆರಿಯೋಮೈಸಿನ್ ಕಂಡುಹಿಡಿದರು. ಸ್ಪ್ರೂಗೆ ಇವತ್ತಿಗೂ ವೈದ್ಯರು ಕೊಡುವುದು ಫೋಲಿಕ್ ಆಸಿಡ್ ಮತ್ತು ಟೆಟ್ರಾಸೈಕ್ಲಿನ್. ಒಡಹುಟ್ಟಿದವರನ್ನು ಉಳಿಸಬಹುದಾಗಿದ್ದ ಮದ್ದುಗಳು, ಸುಮಾರು ಮೂರು ದಶಕ ತಡವಾಗಿ ಬಂದವು.

ಇನ್ನೊಂದು ಸಂಗತಿ. ಆನೆಕಾಲು ರೋಗದ ಹುಳುವಿಗೆ ನಮ್ಮ ರಾಜ್ಯದಲ್ಲೂ ಕೊಡುವ ಡಿಇಸಿ ಮಾತ್ರೆ ಕೂಡ ಅವರ ತಂಡದ್ದೇ. ಹುಳುವಿಗೆ ಮದ್ದು ಕೊಟ್ಟ ಈ ವಿಜ್ಞಾನಿಯನ್ನು ಕಾಡಿದ ಸ್ಪ್ರೂಗೆ ಮಾತ್ರ ಹುಳು ಕಾರಣವಲ್ಲ. ಬ್ಯಾಕ್ಟೀರಿಯಾ ಮೇಲೆಯೇ ಹೆಚ್ಚು ಅನುಮಾನ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹಾಗಾದರೆ ಹುಳು ನಿರಪರಾಧಿಯೇ? ಅಲ್ಲ. ಜಂತುಹುಳು ವಿಪರೀತವಾದರೆ ಹೊಟ್ಟೆನೋವು ಬರುತ್ತದೆ, ಕರುಳೇ ಕಟ್ಟಿಕೊಳ್ಳಬಹುದು. ಕೊಕ್ಕೆಹುಳು ರಕ್ತ ಹೀರುತ್ತದೆ. ಆದರೆ ನಾಲ್ಕಾರು ಹುಳುಗಳಿದ್ದರೆ ಬಹಳಷ್ಟು ಜನರಿಗೆ ಗೊತ್ತೇ ಆಗುವುದಿಲ್ಲ. ಸ್ಪ್ರೂನಂತೆಯೇ ಕಾಣುವ ಭೇದಿ ತರುವ ಜಿಯಾರ್ಡಿಯಾ ಹುಳುವಲ್ಲ, ಏಕಕೋಶ ಜೀವಿ. ಒಂದು ಆಲ್ಬೆಂಡಜೋಲ್ ಮಾತ್ರೆಗೆ ಅದು ಜಗ್ಗುವುದಿಲ್ಲ. ಶಾಲೆ, ಅಂಗನವಾಡಿಯಲ್ಲಿ ಕೊಡುವ ಆಲ್ಬೆಂಡಜೋಲ್ ಅನ್ನು ಮಕ್ಕಳಿಗೆ ಖಂಡಿತ ಕೊಡಿಸಿ. ಆದರೆ ವಾರಗಟ್ಟಲೆ ಭೇದಿ, ತೂಕ ಇಳಿಕೆ, ಮುಖ ಬಿಳಿಚಿಕೊಳ್ಳುವುದು ಕಂಡರೆ ವೈದ್ಯರ ಬಳಿ ಹೋಗಿ ಮಲ, ರಕ್ತ ಪರೀಕ್ಷೆ ಮಾಡಿಸಿ. ಮಲದಲ್ಲಿ ಹುಳುವಿನ ಮೊಟ್ಟೆ ಸಿಕ್ಕಿದ ಮಾತ್ರಕ್ಕೆ ಭೇದಿಗೆ ಅದೇ ಕಾರಣ ಎಂದಾಗುವುದಿಲ್ಲ. ಮಾತ್ರೆ ನುಂಗಿದ ಮೇಲೂ ಭೇದಿ ನಿಲ್ಲದಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ.