ರದ್ದಿ ಕಾಗದದ ಬೆನ್ನ ಮೇಲೆ ಆರೋಗ್ಯದ ಪಾಠ ಬರೆದ ಭಗತ್ ಪೂರಣ್ ಸಿಂಗ್

ಅಮೃತಸರದ ಸ್ವರ್ಣಮಂದಿರಕ್ಕೆ ಹೋದರೆ ಪಿಂಗಲವಾಡಾದವರ ಮಳಿಗೆ ಕಣ್ಣಿಗೆ ಬೀಳುತ್ತೆ. ಒಂದು ಕಡೆ ಹುಂಡಿ, ಇನ್ನೊಂದು ಕಡೆ ಪುಸ್ತಿಕೆಗಳ ರಾಶಿ. ಹುಂಡಿಗೆ ದುಡ್ಡು ಹಾಕಿದರೂ ಸರಿ, ಹಾಕದಿದ್ದರೂ ಸರಿ, ಪುಸ್ತಿಕೆ ಪುಕ್ಕಟೆ. ನಾನು ಅಲ್ಲಿಂದ ತಂದದ್ದು ಗುರುಮುಖಿಯಲ್ಲಿದೆ, ನನಗೆ ಒಂದಕ್ಷರವೂ ಬರಲ್ಲ. ಆದರೂ ಎಸೆಯೋಕೆ ಮನಸ್ಸಾಗಿಲ್ಲ. ಯಾಕಂದ್ರೆ ಈ ಪುಕ್ಕಟೆ ಪುಸ್ತಿಕೆಯ ಪದ್ಧತಿ ಶುರು ಮಾಡಿದ ಮನುಷ್ಯ ನನ್ನನ್ನು ಬಹಳ ದಿನ ಕಾಡಿದ್ದಾರೆ.

ಪೂರಣ್ ಸಿಂಗ್ ಹುಟ್ಟಿದ್ದು 1904ರಲ್ಲಿ, ಲೂಧಿಯಾನ ಜಿಲ್ಲೆಯ ರಾಜೇವಾಲ್ ಎಂಬ ಹಳ್ಳಿಯಲ್ಲಿ. ಆಗಿನ ಹೆಸರು ರಾಮ್‌ಜಿ ದಾಸ್. ತಂದೆ ಹಿಂದೂ ಸಾಹುಕಾರ. ತಾಯಿ ಮೆಹ್ತಾಬ್ ಕೌರ್ ಜೊತೆಗಿನ ಅವರ ಸಂಬಂಧಕ್ಕೆ ಸಮಾಜ ಮದುವೆಯ ಮುದ್ರೆ ಒತ್ತಿರಲಿಲ್ಲ. ಮನೆಯ ವ್ಯವಹಾರ ಮುಳುಗಿದ ಮೇಲೆ ತಾಯಿ ಕಂಡವರ ಮನೆಯಲ್ಲಿ ಪಾತ್ರೆ ತಿಕ್ಕಿ ಮಗನನ್ನು ಓದಿಸಿದರು. ಮಗ ಮೆಟ್ರಿಕ್ ಫೇಲ್! ಆಮೇಲೆ ಲಾಹೋರಿನ ಡೇರಾ ಸಾಹಿಬ್ ಗುರುದ್ವಾರದಲ್ಲಿ ಸೇವೆಗೆ ನಿಂತರು, ಸಿಖ್ಖರಾದರು. ಬಿಡುವಾದಾಗೆಲ್ಲ ದಯಾಳ್ ಸಿಂಗ್ ಲೈಬ್ರರಿಗೆ ಹೋಗಿ ಕೂರುತ್ತಿದ್ದರು. ಪರೀಕ್ಷೆ ಕೈಕೊಟ್ಟವರಿಗೆ ಲೈಬ್ರರಿ ಕೈಹಿಡಿದ ಕಥೆ ನಮ್ಮಲ್ಲೂ ಎಷ್ಟಿಲ್ಲ ಹೇಳಿ.

1934ರಲ್ಲಿ ಆ ಗುರುದ್ವಾರದ ಬಾಗಿಲಲ್ಲಿ ಯಾರೋ ಸುಮಾರು ನಾಲ್ಕು ವರ್ಷದ ಹುಡುಗನನ್ನು ಬಿಟ್ಟುಹೋದರು. ಅವನಿಗೆ ನಡೆಯೋಕಾಗಲ್ಲ, ಮಾತು ಬರಲ್ಲ, ಮಲಮೂತ್ರದ ಮೇಲೆ ಹಿಡಿತ ಇಲ್ಲ. ಪೂರಣ್ ಸಿಂಗ್ ಅವನಿಗೆ ಪಿಯಾರಾ ಸಿಂಗ್ ಅಂತ ಹೆಸರಿಟ್ಟು ಬೆನ್ನಿಗೆ ಹಾಕಿಕೊಂಡರು, ಹದಿನಾಲ್ಕು ವರ್ಷ ಹೊತ್ತು ತಿರುಗಿದರು. ಹೀಗೆ ಹೊತ್ತವರಿಗೆ ರೋಗ ಅನ್ನೋದು ಆಸ್ಪತ್ರೆಯೊಳಗಿನ ವಿಷಯವಾಗಿ ಉಳಿಯಲ್ಲ. ತೊಳೆಯೋದು, ಉಣಿಸೋದು, ಮಗ್ಗುಲು ಹೊರಳಿಸೋದು, ಎಲ್ಲವನ್ನೂ ಅವರು ಕೈಯಿಂದಲೇ ಕಲಿತರು.

1947ರ ಆಗಸ್ಟ್‌ನಲ್ಲಿ ದೇಶ ಒಡೆದಾಗ ಲಾಹೋರಿನಿಂದ ಅಮೃತಸರಕ್ಕೆ ಬಂದ ಅವರ ಬೆನ್ನ ಮೇಲಿದ್ದ ಆಸ್ತಿ ಪಿಯಾರಾ ಒಬ್ಬನೇ. ಖಾಲ್ಸಾ ಕಾಲೇಜಿನ ನಿರಾಶ್ರಿತರ ಶಿಬಿರದಲ್ಲಿ ಸಾವಿರಾರು ಜನ. ಹಾಸಿಗೆ ಹಿಡಿದವರು, ಅಂಗವಿಕಲರು, ಯಾರಿಗೂ ಬೇಡವಾದವರು ಮೂಲೆಯಲ್ಲಿ. ಅವರ ಬಟ್ಟೆ ಒಗೆದು, ಅನ್ನ ಬೇಡಿ ತಂದು ಹಾಕಿದ್ದು ಈ ಮನುಷ್ಯ. ಶಿಬಿರ ಮುಚ್ಚಿತು, ರೋಗಿಗಳು ಉಳಿದರು. ಅವರನ್ನು ಕಟ್ಟಿಕೊಂಡು ಫುಟ್‌ಪಾತ್, ಮರದ ಕೆಳಗೆ ಅಂತ ಅಲೆದು ಕೊನೆಗೆ ನೆಲೆಯಾದದ್ದೇ ಪಿಂಗಲವಾಡಾ. ಅಂಗವಿಕಲರ ಮನೆ ಅಂತ ಅರ್ಥ. 1957ರಲ್ಲಿ ಸಂಸ್ಥೆ ನೋಂದಣಿಯಾಯ್ತು.

ಇಷ್ಟಕ್ಕೇ ನಿಂತಿದ್ದರೆ ಅವರನ್ನು ಸಂತ ಅಂತ ಕರೆದು ಫೋಟೋಕ್ಕೆ ಹಾರ ಹಾಕಿ ಮರೆಯಬಹುದಿತ್ತು. ಅವರು ಒಂದು ಪ್ರೆಸ್ ಕೂಡ ನಡೆಸಿದರು. ಒಂದು ಬದಿ ಅಚ್ಚಾದ ರದ್ದಿ ಕಾಗದ ತಂದು, ಖಾಲಿ ಬದಿಯಲ್ಲಿ ಪಂಜಾಬಿಯಲ್ಲಿ ಕರಪತ್ರ ಮುದ್ರಿಸಿ, ಸ್ವರ್ಣಮಂದಿರಕ್ಕೆ ಬರುವ ಜನರ ಕೈಗೆ ಕೊಡುತ್ತಿದ್ದರು. ಕಾಡು ಕಡಿದರೆ ಏನಾಗುತ್ತೆ, ಮಣ್ಣು ಹೇಗೆ ಕೊಚ್ಚಿಹೋಗುತ್ತೆ, ಗಾಳಿ ನೀರು ಕೆಟ್ಟರೆ ಮೈಗೇನಾಗುತ್ತೆ, ಇಂಥವು. ಹಸಿರು ಕ್ರಾಂತಿಗೆ ಇಡೀ ದೇಶ ಚಪ್ಪಾಳೆ ತಟ್ಟುತ್ತಿದ್ದ ಕಾಲದಲ್ಲೂ ಪಂಜಾಬಿನಲ್ಲಿ ಕೂತು ಈ ಮಾತು ಆಡುತ್ತಿದ್ದರು. ಬಠಿಂಡಾದಿಂದ ಬಿಕಾನೇರ್‌ಗೆ ಚಿಕಿತ್ಸೆಗೆ ಹೋಗುವವರು ಹತ್ತುವ ರೈಲನ್ನು ಜನ ಕ್ಯಾನ್ಸರ್ ಟ್ರೈನ್ ಅಂತ ಕರೆಯುವ ಹೊತ್ತಿಗೆ ಪೂರಣ್ ಸಿಂಗ್ ಇರಲಿಲ್ಲ.

ಅವರ ಎಲ್ಲ ಮಾತನ್ನೂ ನಾನು ಒಪ್ಪಲ್ಲ. ಜನಸಂಖ್ಯೆ ಹೆಚ್ಚಳದ ಬಗ್ಗೆ ಅವರಿಗೆ ವಿಪರೀತ ಆತಂಕವಿತ್ತು. ಆ ಆತಂಕ ಕೊನೆಗೆ ಬಡವರ ತಲೆ ಮೇಲೇ ಬೀಳುತ್ತೆ ಅನ್ನೋದನ್ನ ತುರ್ತುಪರಿಸ್ಥಿತಿಯ ನಸ್‌ಬಂದಿ ಶಿಬಿರಗಳಲ್ಲಿ ನೋಡಿದ್ದೀವಿ. ಆದರೆ ಅವರ ಕ್ರಮ ನೋಡಿ. ಜನ ಎಲ್ಲಿಗೆ ಬರ್ತಾರೋ ಅಲ್ಲೇ ನಿಂತು, ಅವರ ಭಾಷೆಯಲ್ಲೇ, ಕಾಸು ಕೇಳದೆ ವಿಷಯ ಹೇಳೋದು. ಇದು ದಾನಕ್ಕಿಂತ ದೊಡ್ಡದು. ತಿಳಿದುಕೊಳ್ಳೋದು ರೋಗಿಯ ಹಕ್ಕು ಅಂತ ಒಪ್ಪಿದವರು ಮಾತ್ರ ಹೀಗೆ ಮಾಡ್ತಾರೆ. ಸರ್ಕಾರದ ಮುಂದೆ ಬಾಗಿ ನಿಂತವರೂ ಅಲ್ಲ ಅವರು. 1984ರಲ್ಲಿ ಸೈನ್ಯ ಸ್ವರ್ಣಮಂದಿರಕ್ಕೆ ನುಗ್ಗಿದ ಮೇಲೆ ಪದ್ಮಶ್ರೀ ವಾಪಸ್ ಕೊಟ್ಟರು. 1992ರ ಆಗಸ್ಟ್ 5ರಂದು ತೀರಿಕೊಂಡರು. ಪಿಂಗಲವಾಡಾ ಇವತ್ತಿಗೂ ಪುಸ್ತಿಕೆ ಹಂಚುತ್ತಿದೆ.

ನನಗೆ ಇದೆಲ್ಲ ಮತ್ತೆ ನೆನಪಾಗಿದ್ದು ಅಪ್ಪನಿಂದ. ಸಕ್ಕರೆ ಕಾಯಿಲೆ ಅಂತ ಆಸ್ಪತ್ರೆಯೊಂದರಲ್ಲಿ ನಾಲ್ಕು ದಿನ ಇದ್ದು ಬಂದರು. ಕೈಗೆ ಕೊಟ್ಟ ಮೂರು ಪುಟದ ಡಿಸ್ಚಾರ್ಜ್ ಪೇಪರ್ ಪೂರ್ತಿ ಇಂಗ್ಲಿಷ್. ಅಪ್ಪ ದಿನಾ ಕನ್ನಡ ಪೇಪರನ್ನು ಜಾಹೀರಾತೂ ಬಿಡದೆ ಓದುವವರು. ಆದರೆ ರಾತ್ರಿ ಊಟಕ್ಕೆ ಮುಂಚಿನ ಮಾತ್ರೆಯನ್ನು ವಾರಗಟ್ಟಲೆ ಬೆಳಿಗ್ಗೆ ಕಾಫಿ ಆದ ಮೇಲೆ ನುಂಗಿದ್ದಾರೆ. ಕೇಳಿದರೆ, ಡಾಕ್ಟರು ಬರೆದುಕೊಟ್ಟಿದ್ದಾರಲ್ಲ ಅಂತಾರೆ. ಬರೆದುಕೊಟ್ಟಿದ್ದಾರೆ, ಸುಳ್ಳಲ್ಲ!

ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಮಾತ್ರೆ, ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕನ್ನಡದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಒಂದು ಮಾತ್ರೆಯ ಹೆಸರು ಮಾತ್ರ ಆ ಕೈಬರಹದಲ್ಲಿ ನನಗೂ ಗೊತ್ತಾಗಲಿಲ್ಲ, ಮೆಡಿಕಲ್ ಶಾಪಿನವರಿಗೆ ಫೋಟೋ ಕಳಿಸಿ ಕೇಳಬೇಕಾಯ್ತು.