ಕೀರ್ತಿಶೇಷ ಧರ್ಮಸ್ಥಳದ ಶ್ರೀ ರತ್ನವರ್ಮ ಹೆಗ್ಗಡೆಯವರು

ಬಸದಿಗೆ ಅಡಿಗಲ್ಲನ್ನಿಡುವ ಕೈ ಒಂದು, ಶಿಖರಕ್ಕೆ ಕಲಶವನ್ನೇರಿಸುವ ಕೈ ಮತ್ತೊಂದು. ಇದು ನಮ್ಮ ತುಳುನಾಡಿನ ಎಷ್ಟೋ ಜಿನಾಲಯಗಳ ಇತಿಹಾಸ. ಮುಗಿಸಿದವರ ಹೆಸರು ಜನರ ನಾಲಗೆಯ ಮೇಲೆ ಉಳಿಯುತ್ತದೆ. ಮೊದಲುಮಾಡಿದವರನ್ನು ಕಾಲವು ಬೇಗನೆ ಮರೆಯಿಸಿಬಿಡುತ್ತದೆ. ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ, ತಾವು ಆರಂಭಿಸಿದ ಮಹತ್ಕಾರ್ಯದ ಪೂರ್ಣತೆಯನ್ನು ಕಣ್ಣಾರೆ ಕಾಣದೆಯೇ ತೆರಳಿದ ಓರ್ವ ಶ್ರಾವಕಶ್ರೇಷ್ಠರನ್ನು ಸ್ಮರಿಸುವುದು ಉಚಿತವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಬೆಳ್ತಂಗಡಿ ತಾಲೂಕಿನಲ್ಲಿ ನೇತ್ರಾವತಿಯ ತಟದಲ್ಲಿರುವ ಧರ್ಮಸ್ಥಳಕ್ಕೆ ಪೂರ್ವದಲ್ಲಿ ಕುಡುಮವೆಂದು ಹೆಸರು. ಆರಾಧ್ಯದೈವ ಶ್ರೀ ಮಂಜುನಾಥ ಸ್ವಾಮಿ. ಪೂಜೆ ನಡೆಸುವವರು ವೈಷ್ಣವ ಬ್ರಾಹ್ಮಣರು. ಆಡಳಿತವನ್ನು ಹೊತ್ತವರು ಚಂದ್ರನಾಥ ಸ್ವಾಮಿಯ ಉಪಾಸಕರಾದ ಜೈನ ಹೆಗ್ಗಡೆ ಮನೆತನದವರು. ಮತಮತಗಳ ನಡುವೆ ಗೋಡೆಯನ್ನೆಬ್ಬಿಸದ ಈ ವ್ಯವಸ್ಥೆಯು ಶತಮಾನಗಳಿಂದ ನಡೆದುಬಂದಿದೆ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂದು ನಮ್ಮ ಆಗಮಗಳು ಹೇಳಿದ ಚತುರ್ವಿಧ ದಾನಗಳೇ ಅಲ್ಲಿಯ ನಿತ್ಯವ್ರತ. ಶ್ರೀ ಮಂಜಯ್ಯ ಹೆಗ್ಗಡೆಯವರು 1933ರಲ್ಲಿ ಸರ್ವಧರ್ಮ ಸಮ್ಮೇಳನವನ್ನು ಆರಂಭಿಸಿ, 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ಸ್ಥಾಪಿಸಿ, ಕ್ಷೇತ್ರಕ್ಕೆ ಹೊಸ ಕಾಲದ ಬೆಳಕನ್ನು ತಂದರು. ಅವರ ತರುವಾಯ 1955ರಲ್ಲಿ ಧರ್ಮಾಧಿಕಾರಿಯ ಹೊಣೆ ಶ್ರೀ ರತ್ನವರ್ಮ ಹೆಗ್ಗಡೆಯವರ ಹೆಗಲಿಗೇರಿತು.

ಅದು ನಾಡಿನ ಗಡಿಗಳೇ ಬದಲಾಗುತ್ತಿದ್ದ ಕಾಲ. 1956ರ ನವೆಂಬರ್ 1ರಂದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿನಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳದ ಪಾಲಾಯಿತು. ಮರುವರ್ಷ, ಅಂದರೆ 1957ರಲ್ಲಿ, ನೂತನ ರಾಜ್ಯದ ವಿಧಾನಸಭೆಗೆ ಪ್ರಥಮ ಚುನಾವಣೆ ನಡೆದಾಗ ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ನಿಂತ ಹೆಗ್ಗಡೆಯವರು ಬೆಳ್ತಂಗಡಿ ಕ್ಷೇತ್ರದಿಂದ ಆರಿಸಿಬಂದರು.

ಇಲ್ಲಿ ಒಂದು ಅಂಶವನ್ನು ನಾವು ಗಮನಿಸಬೇಕು. ಹೆಗ್ಗಡೆ ಪೀಠಕ್ಕೆ ಯಾರ ಮತವೂ ಬೇಕಾಗಿಲ್ಲ. ಊರವರು ಖಾವಂದರೆಂದು ಕರೆದು ಕೈಮುಗಿಯುವ ಸ್ಥಾನವದು. ನ್ಯಾಯ ಬೇಡಿ ಜನರೇ ಆ ಬೀಡಿನ ಮೆಟ್ಟಿಲನ್ನೇರುತ್ತಿದ್ದರು. ಅಂತಹ ಸ್ಥಾನದಲ್ಲಿದ್ದವರು ಮತ್ತೊಬ್ಬರ ಒಪ್ಪಿಗೆಯನ್ನು ಬೇಡಿ ಜನರ ಮುಂದೆ ನಿಂತದ್ದು ಸಣ್ಣ ಸಂಗತಿಯಲ್ಲ. ವಂಶದಿಂದ ಬಂದ ಗೌರವ ಒಂದು, ಮತದಿಂದ ದೊರೆಯುವ ಅಧಿಕಾರ ಇನ್ನೊಂದು. ಎರಡನೆಯದಕ್ಕೆ ಐದು ವರ್ಷಗಳ ಅವಧಿಯುಂಟು, ಲೆಕ್ಕ ಒಪ್ಪಿಸುವ ಹೊಣೆಯುಂಟು.

ಅವರು ಸದಸ್ಯರಾಗಿದ್ದ ಆ ಸಭೆಯ ಮುಂದಿದ್ದ ಕೆಲಸವೂ ಹಗುರವಾದುದಲ್ಲ. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಪ್ರದೇಶಗಳನ್ನು ಒಂದೇ ಕಾನೂನಿನ ಸೂತ್ರದಲ್ಲಿ ಪೋಣಿಸಬೇಕಾಗಿತ್ತು. ನಿಜಲಿಂಗಪ್ಪನವರೂ ಅನಂತರ ಬಿ. ಡಿ. ಜತ್ತಿಯವರೂ ಮುಖ್ಯಮಂತ್ರಿಗಳಾಗಿದ್ದ ಆ ಅವಧಿಯಲ್ಲಿಯೇ 1959ರ ಗ್ರಾಮ ಪಂಚಾಯಿತಿ ಕಾನೂನು ರೂಪುಗೊಂಡಿತು. ಭೂಸುಧಾರಣೆಯ ವಿಧೇಯಕವು ದೀರ್ಘ ಚರ್ಚೆಯ ಬಳಿಕ 1961ರಲ್ಲಿ ಅಂಗೀಕೃತವಾಯಿತು. ಮೂಲಗೇಣಿ, ಚಾಲಗೇಣಿಗಳ ಮೇಲೆಯೇ ಬದುಕು ನಿಂತಿದ್ದ ನಮ್ಮ ಜಿಲ್ಲೆಗೆ ಇದು ಬುಡವನ್ನೇ ಅಲುಗಿಸುವ ಪ್ರಶ್ನೆಯಾಗಿತ್ತು. ಗೇಣಿಯ ಅಕ್ಕಿಯಿಂದಲೇ ಎಷ್ಟೋ ಬಸದಿಗಳ ದೀಪ ಉರಿಯುತ್ತಿತ್ತು. ಅದೇ ಗೇಣಿಯನ್ನು ಹೊತ್ತು ತಂದು ಅಳೆಯುತ್ತಿದ್ದ ಒಕ್ಕಲಿನ ಮನೆಯಲ್ಲಿ ಆಟಿಯ ತಿಂಗಳಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. ಇಬ್ಬರಿಗೂ ಬೆಳ್ತಂಗಡಿಯ ಪ್ರತಿನಿಧಿ ಒಬ್ಬರೇ. ಪರಂಪರೆಯ ಪೀಠದಲ್ಲಿರುವವರಿಗೆ ಮುಂಬರುವ ಕಾಲದ ಗಾಳಿಯನ್ನು ಅರಿಯಲು ಇದಕ್ಕಿಂತ ದೊಡ್ಡ ಪಾಠಶಾಲೆ ಇರಲಾರದು.

1962ರ ಚುನಾವಣೆಯಲ್ಲಿ ಬೆಳ್ತಂಗಡಿಯಿಂದ ಉಡುಪಿಯ ಖ್ಯಾತ ವಕೀಲರಾದ ಶ್ರೀ ವೈಕುಂಠ ಬಾಳಿಗರು ಆಯ್ಕೆಯಾಗಿ ವಿಧಾನಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಹೆಗ್ಗಡೆಯವರ ಶಾಸಕತ್ವ ಒಂದೇ ಅವಧಿಯದು. ಆದರೆ ಅವರ ಸಾರ್ವಜನಿಕ ಜೀವನದ ಅತ್ಯಂತ ಫಲವತ್ತಾದ ಕಾಲ ಅದರ ಅನಂತರವೇ ಬಂದಿತು.

ಆಗಿನ ಬೆಳ್ತಂಗಡಿ ತಾಲೂಕಿನ ಸ್ಥಿತಿಯನ್ನು ಇಂದಿನ ಮಕ್ಕಳು ಊಹಿಸಲಾರರು. ಹೈಸ್ಕೂಲು ಮುಗಿಸಿದ ಹುಡುಗನು ಮುಂದೆ ಓದಬೇಕಾದರೆ ಊರು ಬಿಟ್ಟು ಮಂಗಳೂರಿಗೆ ಹೋಗಬೇಕು. ಅಲ್ಲಿ ಊಟವಸತಿಗೆ ಹಣ ಬೇಕು. ಹಣವಿಲ್ಲದವನು ಗದ್ದೆಗೋ ಅಂಗಡಿಗೋ ಹಿಂದಿರುಗಬೇಕು. ಹೆಣ್ಣುಮಕ್ಕಳ ಮಾತಂತೂ ಬೇಡ. 1965ರಲ್ಲಿ ಮೂಡಬಿದಿರೆಯಲ್ಲಿ ಶ್ರೀ ಮಹಾವೀರ ಕಾಲೇಜು ಆರಂಭವಾಯಿತು. ಮರುವರ್ಷವೇ, 1966ರಲ್ಲಿ, ರತ್ನವರ್ಮ ಹೆಗ್ಗಡೆಯವರು ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜನ್ನು ಸ್ಥಾಪಿಸಿದರು. 1968ರಲ್ಲಿ ಬಂಟ್ವಾಳದಲ್ಲಿ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು ತಲೆಯೆತ್ತಿತು. ಹೀಗೆ ನಾಲ್ಕು ವರ್ಷಗಳೊಳಗೆ ನಮ್ಮ ಮೂರು ಊರುಗಳಲ್ಲಿಯೂ ಕಾಲೇಜಿನ ಗಂಟೆ ಕೇಳಿಸಿತು. ಚಾರ್ಮಾಡಿ ಘಾಟಿಯ ಬುಡದ ಹಳ್ಳಿಗಳಿಂದ ಬಂದ ಮಕ್ಕಳು ಪದವೀಧರರಾದರು. ಶಾಸ್ತ್ರದಾನದ ಅರ್ಥವನ್ನು ಹೆಗ್ಗಡೆಯವರು ಕಾಲಕ್ಕೆ ತಕ್ಕಂತೆ ವಿಸ್ತರಿಸಿದರೆಂದೇ ಹೇಳಬೇಕು.

ಕಾಲೇಜಿನ ಮರುವರ್ಷ ಅವರು ಕೈಗೆತ್ತಿಕೊಂಡದ್ದು ಬಾಹುಬಲಿ ಸ್ವಾಮಿಯ ಬೃಹನ್ಮೂರ್ತಿಯ ಕಾರ್ಯ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನೂ, ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನೂ ಗೊಮ್ಮಟನನ್ನು ನಿಲ್ಲಿಸಿದ ಮೇಲೆ ತುಳುನಾಡಿನಲ್ಲಿ ಅಂತಹ ಸಾಹಸಕ್ಕೆ ಮೂರೂವರೆ ಶತಮಾನಗಳ ಕಾಲ ಯಾರೂ ಕೈಹಾಕಿರಲಿಲ್ಲ. ಅವರಿಬ್ಬರೂ ಅರಸರು. ಅರಸೊತ್ತಿಗೆಗಳೇ ಇಲ್ಲವಾದ ಪ್ರಜಾಪ್ರಭುತ್ವದ ಕಾಲದಲ್ಲಿ ಓರ್ವ ಶ್ರಾವಕನು 39 ಅಡಿಯ ಏಕಶಿಲಾಮೂರ್ತಿಯ ಸಂಕಲ್ಪ ಮಾಡಿದ್ದು ಅಸಾಮಾನ್ಯ ಧೈರ್ಯ. ಕಾರ್ಕಳದ ಬಂಡೆಯಲ್ಲಿ ಮೂರ್ತಿಯನ್ನು ಕಡೆಯುವ ಭಾರವನ್ನು ಹಿರಿಯ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರಿಗೆ ಒಪ್ಪಿಸಲಾಯಿತು. 1967ರಲ್ಲಿ ಉಳಿಯ ನಾದ ಮೊದಲಾಯಿತು.

ಆದರೆ ಕರ್ಮದ ಗತಿ ಬೇರೆಯಾಗಿತ್ತು. ಮೂರ್ತಿಯು ಇನ್ನೂ ಶಿಲ್ಪಿಯ ಕೈಯಲ್ಲಿರುವಾಗಲೇ, ಕಾಲೇಜಿಗೆ ಎರಡು ವರ್ಷ ತುಂಬುವ ಹೊತ್ತಿಗೇ, 1968ರಲ್ಲಿ ರತ್ನವರ್ಮ ಹೆಗ್ಗಡೆಯವರು ದೈವಾಧೀನರಾದರು. ಅದೇ ವರ್ಷ ವೈಕುಂಠ ಬಾಳಿಗರೂ ಸಭಾಧ್ಯಕ್ಷರಾಗಿರುವಾಗಲೇ ತೀರಿಕೊಂಡಿದ್ದರು. ಒಂದೇ ವರ್ಷದಲ್ಲಿ ಬೆಳ್ತಂಗಡಿಯು ತನ್ನ ಇಬ್ಬರು ಪ್ರತಿನಿಧಿಗಳನ್ನು ಕಳೆದುಕೊಂಡಿತು. ಇಪ್ಪತ್ತು ತುಂಬಲು ಇನ್ನೂ ಒಂದು ತಿಂಗಳಿದ್ದ ಹಿರಿಯ ಪುತ್ರ ಶ್ರೀ ವೀರೇಂದ್ರರಿಗೆ 1968ರ ಅಕ್ಟೋಬರ್ 24ರಂದು ಪಟ್ಟಾಭಿಷೇಕವಾಯಿತು. ತಂದೆಯು ಬಿಟ್ಟುಹೋದ ಆಸ್ತಿಯನ್ನು ಅನುಭವಿಸುವ ಮಕ್ಕಳು ಎಲ್ಲೆಡೆಯೂ ಇದ್ದಾರೆ. ತಂದೆಯ ಸಂಕಲ್ಪದ ಋಣವನ್ನು ತೀರಿಸುವವರು ವಿರಳ. 1973ರಲ್ಲಿ ಮೂರ್ತಿಯನ್ನು ಬಹುಚಕ್ರದ ಟ್ರಾಲಿಯ ಮೇಲೆ ಕಾರ್ಕಳದಿಂದ ಧರ್ಮಸ್ಥಳಕ್ಕೆ ಸಾಗಿಸಿದಾಗ ದಾರಿಯ ಇಕ್ಕೆಲಗಳಲ್ಲಿ ಜನಸಾಗರವೇ ಸೇರಿತ್ತೆಂದು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. 1982ರಲ್ಲಿ ರತ್ನಗಿರಿಯ ಮೇಲೆ ಪ್ರತಿಷ್ಠೆಯೂ ಪ್ರಥಮ ಮಹಾಮಸ್ತಕಾಭಿಷೇಕವೂ ನೆರವೇರಿದವು. 1995, 2007, 2019ರಲ್ಲಿ ಮತ್ತೆ ಮಸ್ತಕಾಭಿಷೇಕಗಳಾದವು. ಸಂಕಲ್ಪ ಮಾಡಿದವರು ಒಂದನ್ನೂ ಕಾಣಲಿಲ್ಲ.

ಧರ್ಮಬಂಧುಗಳೇ, ಹತ್ತನೆಯ ತರಗತಿಗೇ ಓದು ಮುಗಿಸಿ ಅಂಗಡಿಯ ಗಲ್ಲದ ಮುಂದೆ ಕುಳಿತ ನನ್ನಂಥವನಿಗೆ ತಿಳಿದದ್ದು ಲಾಭನಷ್ಟದ ಲೆಕ್ಕ. ಇಂದು ಹಾಕಿದ ಬಂಡವಾಳ ಯುಗಾದಿಯೊಳಗೆ ಹಿಂದಿರುಗದಿದ್ದರೆ ನಮಗೆ ನಿದ್ದೆ ಬಾರದು. ತನ್ನ ಜೀವಿತದಲ್ಲಿ ಹಿಂದಿರುಗದ ಬಂಡವಾಳವನ್ನು ಸಂತೋಷದಿಂದ ಹಾಕುವವನೇ ನಿಜವಾದ ದಾನಿ ಎಂಬುದನ್ನು ಈ ಜೀವನಚರಿತ್ರೆ ನನಗೆ ಕಲಿಸಿತು. ಇನ್ನೊಂದು ಮಾತನ್ನು ವಿನಯದಿಂದ ಅರಿಕೆ ಮಾಡುತ್ತೇನೆ. ಅವರು ಮೊದಲು ಕಾಲೇಜನ್ನು ಕಟ್ಟಿದರು, ಆಮೇಲೆ ಮೂರ್ತಿಗೆ ಉಳಿಯಿಡಿಸಿದರು. ನಾವು ಬಸದಿಯ ಮೇಲ್ಛಾವಣಿಗೆ ತಾಮ್ರ ಹೊದೆಸುವಾಗ, ಅದೇ ಬಸದಿಯ ನೆರೆಯಲ್ಲಿ ಫೀಸು ಕಟ್ಟಲಾರದೆ ಓದು ನಿಲ್ಲಿಸಿದ ಮಗುವೊಂದಿದೆಯೇ ಎಂದು ವಿಚಾರಿಸಿದರೆ ಆ ಮಹನೀಯರಿಗೆ ನಾವು ಸಲ್ಲಿಸುವ ಶ್ರದ್ಧಾಂಜಲಿ ಸಾರ್ಥಕವಾದೀತು. ಪ್ರತಿಷ್ಠೆಯು ಇಂದಿಗೆ ಮುಗಿಯುತ್ತದೆ; ದೀಪಕ್ಕೆ ಎಣ್ಣೆ ಹಾಕುವ ಕೆಲಸ ನಾಳೆಯಿಂದ ಆರಂಭವಾಗುತ್ತದೆ.

ಜೈ ಜಿನೇಂದ್ರ.