ಕಿರಾಣಿ ಅಂಗಡಿಯಿಂದ ಬೆನ್ನುಮೂಳೆ ಚಿಕಿತ್ಸೆಗೆ: ಡಿ.ಡಿ. ಪಾಮರ್ ಕಥೆ

ಮೊಬೈಲ್ ತೆರೆದರೆ ಸಾಕು, ಯಾರದೋ ಕುತ್ತಿಗೆ ಹಿಡಿದು ಲಟಕ್ಕನೆ ತಿರುಗಿಸುವ ವಿಡಿಯೊ ಕಣ್ಣಿಗೆ ಬೀಳುತ್ತೆ. ಈ ಚಿಕಿತ್ಸೆಗೆ ಕೈರೋಪ್ರಾಕ್ಟಿಕ್ ಅಂತ ಹೆಸರು. ಇದನ್ನು ಶುರು ಮಾಡಿದ ಡೇನಿಯಲ್ ಡೇವಿಡ್ ಪಾಮರ್ ಡಾಕ್ಟರಿಕೆ ಓದಿದವರಲ್ಲ.

1845ರಲ್ಲಿ ಕೆನಡಾದ ಟೊರಾಂಟೊ ಹತ್ತಿರ ಹುಟ್ಟಿದ ಪಾಮರ್, 20ನೇ ವಯಸ್ಸಿಗೆ ಅಮೆರಿಕ ಸೇರಿದರು. ಮೇಷ್ಟ್ರಾದರು, ಜೇನು ಸಾಕಿದರು, ಅಯೋವಾ ರಾಜ್ಯದಲ್ಲಿ ಕಿರಾಣಿ ಅಂಗಡಿ ಇಟ್ಟರು, ಗೋಲ್ಡ್‌ಫಿಶ್ ಕೂಡ ಮಾರಿದರು. ಆಮೇಲೆ ಅದೇ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಕೈ ಸ್ಪರ್ಶದಿಂದ ರೋಗ ವಾಸಿ ಮಾಡುವ ಮ್ಯಾಗ್ನೆಟಿಕ್ ಚಿಕಿತ್ಸೆಗೆ ಇಳಿದರು. ಆ ಕಟ್ಟಡ ಸ್ವಚ್ಛ ಮಾಡುತ್ತಿದ್ದ ಹಾರ್ವಿ ಲಿಲಾರ್ಡ್‌ಗೆ 17 ವರ್ಷದಿಂದ ಕಿವಿ ಮಂದ. 1895ರ ಸೆಪ್ಟೆಂಬರ್‌ನಲ್ಲಿ ಅವರ ಬೆನ್ನಿನ ಮೂಳೆಯೊಂದನ್ನು ಒತ್ತಿ ಕೂರಿಸಿದೆ, ಕಿವಿ ಕೇಳಿಸಿತು ಎಂಬುದು ಪಾಮರ್ ಹೇಳಿಕೊಂಡ ಮಾತು. ಕಿವಿಯ ನರ ಬೆನ್ನುಮೂಳೆಯಲ್ಲಿ ಹಾದು ಹೋಗುವುದೇ ಇಲ್ಲವಲ್ಲ ಎಂದು ವೈದ್ಯರು ಇವತ್ತಿಗೂ ಕೇಳುತ್ತಾರೆ.

ಒಬ್ಬರಿಗೆ ವಾಸಿಯಾದ ಮಾತ್ರಕ್ಕೆ ಅದು ವೃತ್ತಿ ಆಗೋದಿಲ್ಲ. ಯಾಕೆ ವಾಸಿಯಾಯ್ತು ಅನ್ನೋದಕ್ಕೆ ಉತ್ತರ ಬೇಕು. ಪಾಮರ್ ಉತ್ತರ ಹೀಗಿತ್ತು: ವಿಶ್ವವನ್ನೆಲ್ಲ ನಡೆಸುವ ಒಂದು ಚೈತನ್ಯ ಇದೆ, ಅದರ ಅಂಶ ಪ್ರತಿ ದೇಹದಲ್ಲೂ ಇದ್ದು ನರಗಳ ಮೂಲಕ ದೇಹವನ್ನು ಕಾಯುತ್ತದೆ. ಮೂಳೆ ಜರುಗಿ ನರದ ಬಿಗಿ ಹೆಚ್ಚುಕಮ್ಮಿಯಾದರೆ ರೋಗ. ಚಿಕಿತ್ಸಕ ಮೂಳೆ ಸರಿಪಡಿಸಿದರೆ ಸಾಕು, ಉಳಿದದ್ದನ್ನು ಒಳಗಿನ ಚೈತನ್ಯವೇ ನೋಡಿಕೊಳ್ಳುತ್ತದೆ. ನೂರರಲ್ಲಿ 95 ರೋಗಕ್ಕೆ ಬೆನ್ನುಮೂಳೆಯೇ ಕಾರಣ ಅನ್ನುವವರೆಗೂ ಹೋದರು. ಅಲ್ಲಿ ಲೆಕ್ಕ ತಪ್ಪಿತು ಅನ್ನಬೇಕು.

1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ವೃತ್ತಿ ಮಾಡಿದ ಆರೋಪದಲ್ಲಿ ಶಿಕ್ಷೆಯಾಯಿತು. ದಂಡ ಕಟ್ಟಲ್ಲ ಅಂತ ಹಟ ಹಿಡಿದು ಜೈಲಿಗೆ ಹೋದವರು ಕೆಲವು ದಿನ ಕಳೆದ ಮೇಲೆ ಕಟ್ಟಿ ಹೊರಬಂದರು. ಅಷ್ಟರಲ್ಲಿ ಶಾಲೆ ಮಗ ಬಿ.ಜೆ. ಪಾಲಾಯಿತು, ಅಪ್ಪ-ಮಗನಿಗೆ ಆಮೇಲೆ ಸರಿಹೋಗಲೇ ಇಲ್ಲ.

ತತ್ವ ನಿಜವಾಗಿ ಕೆಲಸಕ್ಕೆ ಬಂದದ್ದು 1907ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಕೋರ್ಟಿನಲ್ಲಿ. ಪಾಮರ್ ಶಾಲೆಯಲ್ಲಿ ಕಲಿತ ಶೆಗತಾರೊ ಮೊರಿಕುಬೊ ಮೇಲೆ, ಪರವಾನಗಿ ಇಲ್ಲದೆ ಆಸ್ಟಿಯೋಪತಿ ಮಾಡಿದರೆಂಬ ಕೇಸು ಬಿತ್ತು. ಅದೂ ಕೈಯಿಂದಲೇ ಮಾಡುವ ಇನ್ನೊಂದು ಚಿಕಿತ್ಸೆ. ಕೈರೋಪ್ರಾಕ್ಟಿಕ್‌ಗೆ ಅದರದ್ದೇ ತತ್ವ ಇದೆ, ಹಾಗಾಗಿ ಇದು ಬೇರೆ ವೃತ್ತಿ ಎಂದು ವಕೀಲ ಟಾಮ್ ಮಾರಿಸ್ ವಾದಿಸಿ ಗೆದ್ದರು. ತಮಾಷೆ ಏನೆಂದರೆ, ವಾದಕ್ಕೆ ಆಧಾರವಾದ ಪುಸ್ತಕ ಪಾಮರ್ ಅವರದ್ದಲ್ಲ, ಎದುರಾಳಿಗಳದ್ದು!

1910ರಲ್ಲಿ ಪಾಮರ್ ಸಾವಿರ ಪುಟದ ಪುಸ್ತಕವನ್ನೇ ತಂದರು. ಮರುವರ್ಷ, ಕಾನೂನಿನ ಕಾಟ ತಪ್ಪಲು ಇದನ್ನು ಧರ್ಮ ಅಂತಲೇ ಘೋಷಿಸಿದರೆ ಹೇಗೆ ಎಂದೂ ಯೋಚಿಸಿದ್ದರು. ಕೆಲವು ಬಗೆಯ ಸೊಂಟನೋವಿಗೆ ಕೈಚಿಕಿತ್ಸೆಯಿಂದ ತುಸು ಅನುಕೂಲ ಉಂಟು ಎಂದು ಇಂದಿನ ಅಧ್ಯಯನಗಳು ಒಪ್ಪುತ್ತವೆ. ಎಲ್ಲ ರೋಗಕ್ಕೂ ಮೂಳೆಯೇ ಮೂಲ ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ. ಕುತ್ತಿಗೆ ತಿರುಗಿಸುವಾಗ ಅಪರೂಪಕ್ಕೆ ರಕ್ತನಾಳ ಹರಿದು ಪಾರ್ಶ್ವವಾಯು ಆಗಿರುವುದೂ ದಾಖಲಾಗಿದೆ.

1913ರ ಅಕ್ಟೋಬರ್‌ನಲ್ಲಿ ಪಾಮರ್ ಲಾಸ್ ಏಂಜಲೀಸ್‌ನಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡರು. ಕೈರೋಪ್ರಾಕ್ಟಿಕ್‌ಗೆ ಪರವಾನಗಿ ಕೊಡುವ ಮೊದಲ ಕಾನೂನು ಕಾನ್ಸಾಸ್ ರಾಜ್ಯದಲ್ಲಿ ಬಂದದ್ದೂ ಅದೇ ವರ್ಷ.